ಚಲುವಮ್ಮನ ಕೈಗುಣ

ನಮ್ಮ ಹೆಮ್ಮರಗಾಲದ ಈ ಬೀದಿಯಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ನನಗೆ ಯಾರನ್ನು ಕಂಡರೂ ಆಗುವುದಿಲ್ಲ. ಇಪ್ಪತ್ತೈದು ವರ್ಷದಿಂದ ಇಲ್ಲೇ ಚಿಲ್ಲರೆ ಅಂಗಡಿ ಇಟ್ಟುಕೊಂಡು ಕೂತವಳು ನಾನು. ಯಾರ ಮನೆಗೆ ಎಷ್ಟು ಸಕ್ಕರೆ ಹೋಗುತ್ತದೆ ಅನ್ನುವುದೂ ಗೊತ್ತು, ಯಾರ ನಾಲಿಗೆಯಲ್ಲಿ ಎಷ್ಟು ವಿಷ ಇದೆ ಅನ್ನುವುದೂ ಗೊತ್ತು. ನನ್ನ ಹೆಸರು ರುದ್ರಾಣಿ. ನಾವು ಶಿವಾಚಾರದವರು, ಕೋಳಿ ಮೊಟ್ಟೆ ಮುಟ್ಟದವರು. ಅಂಗಡಿಯ ಎದುರಿಗೆ ಅಂಟಿಕೊಂಡಂತೆ ಎರಡು ಮನೆಗಳಿವೆ, ಗೌಡರ ಪೈಕಿ ಅಣ್ಣ ತಮ್ಮಂದಿರವು. ಎಡಗಡೆಯದು ಅಣ್ಣ ರಾಮಯ್ಯನದು, ಹಳೇ ನಾಡಹೆಂಚಿನ ಮನೆ. ಬಲಗಡೆಯದು ತಮ್ಮನದು, ಹೋದ ವರ್ಷ ಕೆಡವಿ ಕಟ್ಟಿ ಒಳಗೆಲ್ಲ ಟೈಲ್ಸ್ ಹಾಕಿಸಿದ ಮನೆ. ಗಂಡಸರಿಬ್ಬರೂ ಲೆಕ್ಕಕ್ಕಿಲ್ಲ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಗದ್ದೆಗೆ ಹೋದರೆ ಮುಗಿಯಿತು. ಲೆಕ್ಕಕ್ಕಿರುವವರು ವಾರಗಿತ್ತಿಯರು. ರಾಮಯ್ಯನ ಹೆಂಡತಿ ಚಲುವಮ್ಮ ಹಿರಿಯಳು, ಟೈಲ್ಸ್ ಮನೆಯ ಪುಟ್ಟಗೌರಮ್ಮ ಕಿರಿಯಳು.

ನಾನು ಹೇಳಬೇಕಾಗಿರುವುದು ಚಲುವಮ್ಮನ ವಿಷಯ. ಐವತ್ತನಾಲ್ಕು ವರ್ಷದ ಹೆಂಗಸು, ಮಕ್ಕಳಿಲ್ಲ. ಉದ್ದ ಕೈ, ಉದ್ದ ಬೆರಳು. ಆ ಕೈ ಮುಟ್ಟಿದ್ದು ಉಳಿಯುವುದಿಲ್ಲ ಎಂದು ಊರು ತೀರ್ಮಾನ ಮಾಡಿ ಇಪ್ಪತ್ನಾಲ್ಕು ವರ್ಷವಾಯಿತು.

ನಮ್ಮ ಕಡೆ ಕೋಳಿಗೆ ಮೊಟ್ಟೆ ಇಟ್ಟು ಕಾವಿಗೆ ಕೂರಿಸುವಾಗ ಯಾರ ಕೈಯಲ್ಲಿ ಇಡಿಸುತ್ತಾರೆ ಅನ್ನುವುದು ಸಣ್ಣ ವಿಷಯವಲ್ಲ. ಕೈಗುಣ ಇದ್ದವರನ್ನು ಕರೆದು ಮಂಕರಿಗೆ ಹುಲ್ಲು ಹಾಸಿ, ಗುಡುಗು ಸಿಡಿಲಿಗೆ ಮೊಟ್ಟೆ ಕೆಡದಿರಲಿ ಎಂದು ಕಬ್ಬಿಣದ ಚೂರೊಂದನ್ನು ಅಡಿಗಿಟ್ಟು, ಬೆಸ ಲೆಕ್ಕದಲ್ಲಿ ಮೊಟ್ಟೆ ಇಡಿಸುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಚಲುವಮ್ಮನನ್ನೇ ಎಲ್ಲರೂ ಕರೆಯುತ್ತಿದ್ದರು. ಕೂಸುಗಳಿಗೆ ಎಣ್ಣೆ ತೀಡಿ ನೀರು ಹಾಕುವುದಕ್ಕೂ ಅವಳೇ. ಪುಟ್ಟಗೌರಮ್ಮನಿಗೆ ಚೊಚ್ಚಲು ಗಂಡು ಹುಟ್ಟಿದಾಗ ಹನ್ನೊಂದು ತಿಂಗಳು ದಿನಾ ನೀರು ಹಾಕಿದವಳು ಇವಳು. ಆಷಾಢದ ಒಂದು ಸೋಮವಾರ ನೀರು ಹಾಕಿ ಕೊಟ್ಟಳು, ಮಂಗಳವಾರ ಕೂಸಿಗೆ ಜ್ವರ ಬಂತು, ಶುಕ್ರವಾರ ನಂಜನಗೂಡಿನ ಆಸ್ಪತ್ರೆಯಿಂದ ಹೆಣ ತಂದರು. ಎದೆಯಲ್ಲಿ ಕಫ ತುಂಬಿತ್ತು, ಎರಡು ದಿನ ಮೊದಲೇ ತರಬೇಕಿತ್ತು ಎಂದು ಡಾಕ್ಟರು ಹೇಳಿದ್ದರಂತೆ. ಅದು ಯಾರ ಕಿವಿಗೂ ಹೋಗಲಿಲ್ಲ. ಹೆತ್ತವಳಿಗೆ ಯಾರನ್ನಾದರೂ ಹಿಡಿದುಕೊಳ್ಳಬೇಕಿತ್ತು, ಕೈಗೆ ಸಿಕ್ಕಿದ್ದು ಚಲುವಮ್ಮನ ಕೈ.

ಅಲ್ಲಿಂದ ಮುಂದೆ ಯಾರ ಹಸು ಕಂದು ಹಾಕಿದರೂ, ಯಾರ ಮೊಸರು ಹುಳಿಯಾದರೂ ಅವಳ ಕಣ್ಣು ಬಿದ್ದು ಆದದ್ದು. ನನ್ನ ಮಗಳನ್ನು ನಾನೂ ಅವಳ ಕೈಗೆ ಕೊಡಲಿಲ್ಲ. ಅವಳು ಅಂಗಡಿಗೆ ಬಂದಾಗ ಮಗುವನ್ನು ಒಳಗೆ ಕಳಿಸುತ್ತಿದ್ದೆ. ಇದನ್ನು ಮುಚ್ಚಿಟ್ಟು ಊರಿನವರನ್ನು ಬೈದರೆ ನನ್ನಂಥ ಠಕ್ಕಿ ಇನ್ನೊಬ್ಬಳಿಲ್ಲ.

ಪುಟ್ಟಗೌರಮ್ಮನಿಗೆ ಎರಡು ವರ್ಷದ ಮೇಲೆ ಶೃತಿ ಹುಟ್ಟಿದಳು. ಅವಳನ್ನು ದೊಡ್ಡವ್ವ ಮುಟ್ಟದ ಹಾಗೆ ಕಾವಲು ಕಾದೇ ಬೆಳೆಸಿದರು. ಆದರೆ ನಡೆಯಲು ಕಲಿತ ಮಗುವನ್ನು ಎಷ್ಟು ಕಾಯುತ್ತೀರಿ? ಹಿತ್ತಿಲಿನ ಮೋಟು ಗೋಡೆಯ ಮೇಲಿಂದ ದೊಡ್ಡವ್ವ ಕೊಟ್ಟ ಕಡಲೆಕಾಯಿ ಉಂಡೆ ತಿಂದೇ ಬೆಳೆಯಿತು ಅದು. ಟಿ. ನರಸೀಪುರದ ಕಡೆಗೆ ಮದುವೆ ಮಾಡಿ ಕೊಟ್ಟರು. ಈಗ ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು. ಪುಟ್ಟಗೌರಮ್ಮ ಹೆದರಲು ಅಷ್ಟೇ ಸಾಕಾಯಿತು. ಬಾಣಂತಿ ಕೋಣೆಯ ಕಿಟಕಿಗೆ ದಪ್ಪ ಪರದೆ ಬಂತು, ಬಾಗಿಲಿಗೆ ಬೇವು ಬಂತು, ಕೂಸಿನ ಹಣೆಗೆ ಅಂಗೈಯಗಲ ಕಪ್ಪು ಬಂತು. ಊರೆಲ್ಲ ಬಂದು ಕೂಸು ನೋಡಿ ಹೋಯಿತು. ಗೋಡೆಯಾಚೆಯ ಚಲುವಮ್ಮನಿಗೆ ಕರೆ ಬರಲಿಲ್ಲ. ಎರಡು ತಿಂಗಳು ಅವಳು ಕೂಸಿನ ಅಳು ಕೇಳಿಸಿಕೊಂಡಳೇ ಹೊರತು ಮುಖ ನೋಡಲಿಲ್ಲ. ಒಂದು ಸಲ ಸೋಪು ಕೊಳ್ಳಲು ಬಂದವಳು, ಅದನ್ನು ಒಂದೇ ಒಂದು ಸಲ ಎತ್ತಿಕೊಂಡರೆ ಸಾಕು ಎಂದಳು. ನಾನು ಸೋಪು ಕೊಟ್ಟು ಚಿಲ್ಲರೆ ಎಣಿಸಿದೆ.

ಅದೇ ಸಮಯಕ್ಕೆ ಪುಟ್ಟಗೌರಮ್ಮನ ಹೇಂಟೆ ಕಾವಿಗೆ ಕೂತಿತ್ತು. ಹನ್ನೊಂದು ಮೊಟ್ಟೆ ಇಟ್ಟ ಮಂಕರಿ ಇದ್ದದ್ದು ಹಿತ್ತಿಲಿನ ಕೊಟ್ಟಿಗೆಯಲ್ಲಿ. ಆ ಕೊಟ್ಟಿಗೆ ಇನ್ನೂ ಪಾಲಾಗಿಲ್ಲ, ಎರಡೂ ಮನೆಗೆ ಸೇರಿದ್ದು. ಇಪ್ಪತ್ತೊಂದನೆಯ ದಿನ ಮರಿಗಳು ಒಂದೊಂದಾಗಿ ಚಿಪ್ಪು ಒಡೆಯುತ್ತಿದ್ದ ಹೊತ್ತಿಗೆ ಚಲುವಮ್ಮ ಹಸುವಿಗೆ ಹುಲ್ಲು ಹಿರಿದುಕೊಳ್ಳಲು ಹೋಗಿದ್ದಾಳೆ. ಮಂಕರಿಯತ್ತ ನೋಡಿ ಎಷ್ಟಾದವು ಎಂದು ಕೇಳಿದ್ದಾಳೆ. ಕೇಳಿದ್ದು ಅಷ್ಟೇ.

ಪುಟ್ಟಗೌರಮ್ಮ ಇನ್ನೂ ಮೈ ಆರದ ಮರಿಗಳನ್ನು ಮಡಿಲಿಗೆ ಹಾಕಿಕೊಂಡು, ಹೇಂಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊಸ ಮನೆಯ ಸ್ಟೋರ್ ರೂಮಿಗೆ ಹೋದಳು. ಮಂಕರಿಯ ಹುಲ್ಲಿನ ಮೇಲೂ ಕಣ್ಣು ಬಿದ್ದಿದೆಯಲ್ಲ ಎಂದು ಅದನ್ನು ತರಲಿಲ್ಲ. ಗಾಜಿನ ಹಾಗೆ ಹೊಳೆಯುವ ಟೈಲ್ಸ್ ಮೇಲೆ ಹಳೇ ಕ್ಯಾಲೆಂಡರಿನ ನುಣ್ಣನೆಯ ಹಾಳೆ ಹಾಸಿ ಮರಿ ಬಿಟ್ಟಳು. ಮೇಲೊಂದು ಬಲ್ಬು ಹಾಕಿ ಬಾಗಿಲು ಮುಚ್ಚಿದಳು. ಚಲುವಮ್ಮನ ಕಣ್ಣಿಂದ ಮರಿಗಳನ್ನು ಕಾಪಾಡಿದೆ ಎಂದು ನನ್ನ ಅಂಗಡಿಯಲ್ಲಿ ನಿಂತು ಹೇಳಿಕೊಂಡಳು.

ಹುಟ್ಟಿದ ದಿನವೇ ಮರಿಗೆ ಕಾಲೂರಲು ನೆಲ ಬೇಕು. ಕೋಳಿ ಸಾಕದ ನನಗೇ ಈಗ ಅದು ಗೊತ್ತಾಗಿದೆ. ಎದ್ದರೆ ಜಾರುವುದು, ಮತ್ತೆ ಎದ್ದರೆ ಮತ್ತೆ ಜಾರುವುದು, ಹೀಗೆ ನಾಲ್ಕು ದಿನ. ಬಾಗಿಲು ತೆಗೆದಾಗ ಒಂಬತ್ತು ಮರಿಗಳಲ್ಲಿ ಐದು ತಾಯಿಯ ಹಿಂದೆ ಹೊರಗೆ ಬಂದವು. ನಾಲ್ಕಕ್ಕೆ ಕಾಲು ಎರಡೂ ಪಕ್ಕಕ್ಕೆ ಚಾಚಿಕೊಂಡು ಹೊಟ್ಟೆ ನೆಲಕ್ಕೆ ಅಂಟಿತ್ತು. ಮೂರು ಆಗಲೇ ಸತ್ತಿದ್ದವು. ಉಳಿದ ಒಂದನ್ನು ಪುಟ್ಟಗೌರಮ್ಮ ಎತ್ತಿ ತಂದು, ಬೀದಿಯ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಚಲುವಮ್ಮನ ಕಾಲ ಬುಡಕ್ಕೆ ಎಸೆದಳು.

"ತಕೊ. ನಿನ್ ಕಣ್ಣಿಗೆ ಆಹಾರ ಆದ ಮರಿ. ನೀನೇ ಮಡಿಕ್ಕೊ" ಎಂದಳು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ, ಇಲ್ಲಿ ವಾರಗಿತ್ತಿಯ ಮೇಲಿನ ಕೋಪ ಬೆರಳುದ್ದದ ಮರಿಯ ಮೇಲೆ. ಅದು ಒದ್ದೆ ಸಿಮೆಂಟಿನ ಮೇಲೆ ಕಾಲು ಚಾಚಿ ಬಿದ್ದು ಬಾಯಿ ಬಿಡುತ್ತಿತ್ತು. ಕೊಡ ಹಿಡಿದಿದ್ದ ಹೆಂಗಸರು ಸೀರೆ ಎತ್ತಿಕೊಂಡು ಹಿಂದೆ ಸರಿದರು. ಚಲುವಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಲೋಟದೊಳಗೆ ಕೂರಿಸಿದ ಮರಿ, ಇನ್ನೊಂದರಲ್ಲಿ ಅವಳ ಬಟನ್ ಫೋನು. ಫೋನಿನಲ್ಲಿ ಶೃತಿ. ಬಾಣಂತಿ ಕೋಣೆಯಲ್ಲಿ ಕೂತು ನಲ್ಲಿಯ ಹತ್ತಿರದ ಗಲಾಟೆ ಕೇಳಿಸಿಕೊಂಡು, ಮೊಬೈಲಿನಲ್ಲಿ ಅದೇನೋ ವಿಡಿಯೊ ಹುಡುಕಿ, ಅಮ್ಮ ಹಿತ್ತಿಲಿಗೆ ಹೋದ ಹೊತ್ತು ನೋಡಿ ದೊಡ್ಡವ್ವನಿಗೆ ಫೋನು ಮಾಡಿದ್ದಾಳೆ. ಚಲುವಮ್ಮನಿಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ನನ್ನ ಹತ್ತಿರ ತಂದಿದ್ದಳು. ನುಣ್ಣನೆಯ ನೆಲದ ಮೇಲೆ ಬಿಟ್ಟರೆ ಮರಿಗಳಿಗೆ ಹೀಗೆ ಆಗುತ್ತದಂತೆ, ಗಾಯದ ಪಟ್ಟಿ ಸುತ್ತಿ ಎರಡು ಕಾಲನ್ನೂ ಹತ್ತಿರ ತಂದು ನಿಲ್ಲಿಸಬೇಕಂತೆ, ಗೋಣಿಚೀಲದ ಮೇಲೆ ಬಿಡಬೇಕಂತೆ, ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ತಿನ್ನಿಸಬೇಕಂತೆ. ಹುಡುಗಿ ಪಿಸುಗುಟ್ಟುತ್ತಿದ್ದಳು, ನಾನು ಚಲುವಮ್ಮನ ಕಿವಿಗೆ ಬಾಯಿಟ್ಟು ಹೇಳುತ್ತಿದ್ದೆ.

ಗಾಯದ ಪಟ್ಟಿ ನನ್ನಲ್ಲಿತ್ತು. ಅದನ್ನು ಕತ್ತರಿಸಿ ಸುತ್ತಲು ಒಬ್ಬರ ಕೈ ಸಾಲದು. ಹುಟ್ಟಿ ಐವತ್ತೆರಡು ವರ್ಷ ಕೋಳಿ ಮುಟ್ಟಿದವಳಲ್ಲ ನಾನು. ಕೊರಳಲ್ಲಿ ಲಿಂಗ ಇದೆ, ಮನೆಯೊಳಗೆ ಮೊಟ್ಟೆಯ ಹೆಸರು ಎತ್ತಿದರೆ ಗಂಡ ಊಟ ಬಿಡುತ್ತಾರೆ. ನಾನು ಹಿಡಿಯಲಾರೆ ಎಂದು ಕಡ್ಡಿ ಮುರಿದಂತೆ ಹೇಳಿದೆ. ಚಲುವಮ್ಮ ಬೇಡಲಿಲ್ಲ. ಹಲ್ಲಿನಲ್ಲಿ ಪಟ್ಟಿ ಕಚ್ಚಿಕೊಂಡು ಒಂಟಿ ಕೈಯಲ್ಲಿ ಹೆಣಗಿದಳು. ಮರಿ ಜಾರಿತು, ಪಟ್ಟಿ ಸೆರಗಿಗೆ ಅಂಟಿತು. ಎರಡು ಪಟ್ಟಿ ಹಾಳಾದ ಮೇಲೆ ನನಗೆ ರೇಗಿತು. ಕೊಡು ಇಲ್ಲಿ ಎಂದು ಕಿತ್ತುಕೊಂಡೆ.

ಅದರ ಎದೆ ನನ್ನ ಬೆರಳಿಗೆ ತಗುಲಿ ಹೊಡೆದುಕೊಳ್ಳುತ್ತಿತ್ತು. ಚಲುವಮ್ಮನ ಆ ಉದ್ದ ಬೆರಳುಗಳು ಕಡ್ಡಿಯಂಥ ಕಾಲುಗಳನ್ನು ಸ್ವಲ್ಪ ಸ್ವಲ್ಪವೇ ಹೊಟ್ಟೆಯ ಕೆಳಗೆ ತಂದು, ನಡುವೆ ಒಂದಿಷ್ಟು ಅಂತರ ಬಿಟ್ಟು ಪಟ್ಟಿ ಸುತ್ತಿದವು. ಒಂದು ಸಲವೂ ಮರಿ ಚೀರಲಿಲ್ಲ. ಇಂಥ ಕೈಯನ್ನು ಈ ಊರು ಇಪ್ಪತ್ನಾಲ್ಕು ವರ್ಷ ದೂರ ಇಟ್ಟಿತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಆ ಊರಿನಲ್ಲಿ ನಾನೂ ಇದ್ದೇನೆ. ಅವಳು ಹೋದ ಮೇಲೆ ತಲೆಗೆ ನೀರು ಹಾಕಿಕೊಂಡೆ, ಗಂಡನಿಗೆ ಸೆಖೆ ಎಂದೆ.

ಆಮೇಲಿನ ಒಂದು ವಾರ ಚಲುವಮ್ಮನಿಗೆ ಬೇರೆ ಕೆಲಸವಿರಲಿಲ್ಲ. ಅಡುಗೆಮನೆಯ ಒಲೆಯ ಪಕ್ಕ ಗೋಣಿಚೀಲ ಹಾಸಿ ಮರಿ ಬಿಟ್ಟಿದ್ದಳು. ಬೆರಳ ತುದಿಯಿಂದ ನೀರಿನ ಹನಿ ಕೊಕ್ಕಿಗೆ ಮುಟ್ಟಿಸಿ ಕುಡಿಸುತ್ತಿದ್ದಳು. ಎರಡು ದಿನಕ್ಕೊಮ್ಮೆ ಹಳೇ ಪಟ್ಟಿಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿ ಹೊಸದು ಸುತ್ತಲು, ಬೀದಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿ ನನ್ನಲ್ಲಿಗೆ ಬರುತ್ತಿದ್ದಳು. ನಾನು ಗೊಣಗಿಕೊಂಡೇ ಹಿಡಿದುಕೊಳ್ಳುತ್ತಿದ್ದೆ. ಮೊದಲು ಪಟ್ಟಿಯ ಸಮೇತ ಎದ್ದು ನಿಂತು ಮುಗ್ಗರಿಸಿತು, ಆಮೇಲೆ ಕುಪ್ಪಳಿಸಿತು. ಒಂಬತ್ತನೆಯ ದಿನ ಪಟ್ಟಿ ತೆಗೆದರೆ ನನ್ನ ಅಂಗಡಿಯ ಕಡಪ ಕಲ್ಲಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಿ ಅಕ್ಕಿಯ ಚೀಲಕ್ಕೆ ಬಾಯಿ ಹಾಕಿತು. ಚಲುವಮ್ಮ ನಕ್ಕಳು. ಅವಳಿಗೆ ನಗು ಬರುತ್ತದೆ ಎಂದೇ ನಾನು ಮರೆತಿದ್ದೆ. ಇದನ್ನು ಎಲ್ಲರ ಮುಂದೆ ನಡೆಸಿ ತೋರಿಸಿದರೆ ಕೂಸು ಎತ್ತಿಕೊಳ್ಳಲು ಬಿಡುತ್ತಾರೆ ಅಲ್ಲವಾ ಎಂದು ಕೇಳಿದಳು. ಬಿಡದೆ ಏನು ಎಂದೆ. ನನಗೂ ಹಾಗೇ ಅನ್ನಿಸಿತ್ತು.

ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದು ಬೀದಿಯ ಹೆಂಗಸರೆಲ್ಲ ಸೇರಿದ್ದರು. ಚಲುವಮ್ಮ ಮರಿಯನ್ನು ತಂದು ಪುಟ್ಟಗೌರಮ್ಮನ ಬಾಗಿಲ ಮುಂದೆ ಬಿಟ್ಟಳು. ಅದು ರಂಗೋಲಿ ತುಳಿದುಕೊಂಡು ಓಡಾಡಿತು. ಪುಟ್ಟಗೌರಮ್ಮ ಹೊರಗೆ ಬಂದಳು.

"ನಿನ್ ಮರಿ ನಡೀತಾ ಅದೆ, ನೋಡ್ಕೊ" ಎಂದಳು ಚಲುವಮ್ಮ. "ಟೈಲ್ಸ್ ಮ್ಯಾಲೆ ಜಾರಿ ಅಂಗಾಗಿತ್ತು. ನನ್ ಕಣ್ಣಿಂದ್ಲೂ ಅಲ್ಲ, ಕೈಯಿಂದ್ಲೂ ಅಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿಂದಿನಿಂದ ಯಾರೋ ಹೇಳಿದರು. ಕೆಲವರು ನಕ್ಕರು. ಪುಟ್ಟಗೌರಮ್ಮ ನಗಲಿಲ್ಲ. ಅವಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ನಡೆಯುತ್ತಿರುವ ಮರಿಯನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ, ಭಯವಾಯಿತು.

"ಸೀಳೋಗಿದ್ದ ಕಾಲು ವಾರದಲ್ಲಿ ನೆಟ್ಟಗಾಯ್ತದಾ?" ಎಂದಳು. "ಮಾಟ ಮಾಡ್ದೋಳ್ಗೆ ತೆಗಿಯಾದು ಗೊತ್ತಿರ್ತದೆ. ನೀನೇ ಮಾಡ್ದೆ, ಅದ್ಕೇ ನಿಂಗೆ ತೆಗಿಯಾಕೆ ಬಂತು."

ಹೆಂಗಸರ ನಗು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಅಷ್ಟು ಸಲೀಸಾಗಿ ನಂಬಿದರು. ಅದು ಗಾಯದ ಪಟ್ಟಿಯಿಂದ ಆದದ್ದು, ನನ್ನ ಅಂಗಡಿಯದೇ ಪಟ್ಟಿ, ನಾನೇ ಮರಿ ಹಿಡಿದುಕೊಂಡಿದ್ದೆ ಎಂದು ನಾನು ಹೇಳಬೇಕಿತ್ತು. ಹೇಳಿದರೆ ಕೋಳಿ ಮುಟ್ಟಿದ ಸುದ್ದಿ ನನ್ನ ಮನೆಗೆ ಹೋಗುತ್ತದೆ, ಶೃತಿಯ ಫೋನಿನ ಸುದ್ದಿ ಅವಳ ಮನೆಗೆ ಹೋಗುತ್ತದೆ. ದಿನವೆಲ್ಲ ಬೊಗಳುವ ನನ್ನ ಬಾಯಿಗೆ ಆವತ್ತು ಬೀಗ ಬಿದ್ದಿತು. ನನಗೆ ನನ್ನ ಮೇಲೆಯೇ ಅಸಹ್ಯ.

ಚಲುವಮ್ಮ ಒಂದು ಸಲ ನನ್ನತ್ತ ನೋಡಿದಳು. ಆಮೇಲೆ ಬಗ್ಗಿ ಮರಿಯನ್ನು ಎತ್ತಿಕೊಂಡಳು.

"ಊಂ ಕಣೆ. ನಾನೇ ಮಾಡ್ದೆ, ನಾನೇ ತಗ್ದೆ. ಈಗೇನು?" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಹೋಗಿ ಚೆನ್ನಾಗಿ ಬೈದೆ. ನಿನಗೆ ತಲೆ ಕೆಟ್ಟಿದೆಯಾ, ಊರಿಗೆ ಊರೇ ನಿನ್ನನ್ನು ಮಾಟಗಾತಿ ಅನ್ನುತ್ತದೆ ಎಂದೆ. ಇಪ್ಪತ್ನಾಲ್ಕು ವರ್ಷ ಇಲ್ಲ ಇಲ್ಲ ಎಂದು ಹೇಳಿದಾಗ ಯಾರು ಕೇಳಿದರು ಎಂದಳು. ನಲ್ಲಿಯ ಹತ್ತಿರ ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಊರಿನ ವರಸೆ ಬದಲಾಯಿತು. ಮೊದಲು ಅವಳನ್ನು ಕಂಡು ಮುಖ ತಿರುಗಿಸುತ್ತಿದ್ದವರು ಈಗ ದಾರಿ ಬಿಟ್ಟು ನಿಲ್ಲತೊಡಗಿದರು. ನಲ್ಲಿಯಲ್ಲಿ ಅವಳ ಕೊಡಕ್ಕೆ ಮೊದಲ ಸರದಿ. ಅವಳ ಪ್ರೀತಿಗೆ ಕೊಡದ ಮರ್ಯಾದೆಯನ್ನು ಹೆದರಿಕೆಗೆ ಕೊಟ್ಟರು. ಎಲ್ಲರಿಗಿಂತ ಹೆಚ್ಚು ಹೆದರಿದವಳು ಪುಟ್ಟಗೌರಮ್ಮ. ಮೂರು ತಿಂಗಳಿಗೆ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಗೊತ್ತುಮಾಡಿದ್ದರು. ಮುನ್ನಾದಿನ ಅವಳು ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಹೆಂಚಿನ ಮನೆಯ ಮೆಟ್ಟಿಲು ಹತ್ತಿದ್ದನ್ನು ಅಂಗಡಿಯಿಂದಲೇ ನೋಡಿದೆ. ಹೊಸ್ತಿಲ ಹೊರಗೇ ನಿಂತು, ನಾಳೆ ತೊಟ್ಟಿಲ ಶಾಸ್ತ್ರ, ಬಾ ಅಕ್ಕ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡ ಎಂದಳು. ಮಗ ಸತ್ತ ಮೇಲೆ ಅವಳ ಬಾಯಲ್ಲಿ ಅಕ್ಕ ಅನ್ನುವ ಮಾತು ಬಂದದ್ದು ಅದೇ ಮೊದಲು.

ಚಲುವಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಹೋದಳು. ಬೆಳ್ಳಿಯ ಕಾಲುಬಳೆ ಮಾಡಿಸಿದ್ದಳು, ಯಾವಾಗ ಮಾಡಿಸಿದಳೋ ಗೊತ್ತಿಲ್ಲ. ನಾನೂ ಹೋಗಿದ್ದೆ. ಅವಳು ಒಳಗೆ ಬಂದದ್ದೇ ಹಾಡು ಹೇಳುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಶೃತಿ ಎದ್ದು ಬಂದು ಯಾರನ್ನೂ ಕೇಳದೆ ಕೂಸನ್ನು ದೊಡ್ಡವ್ವನ ಕೈಗೆ ಇಟ್ಟಳು.

ಅವಳು ಹಿಡಿದುಕೊಂಡ ರೀತಿಯನ್ನು ನೀವು ನೋಡಬೇಕಿತ್ತು. ಒಂದು ಕೈ ತಲೆಯ ಕೆಳಗೆ, ಒಂದು ಕೈ ಬೆನ್ನಿನ ಕೆಳಗೆ, ಮೊಣಕೈ ಮೈಗೆ ಒತ್ತಿಕೊಂಡು. ಇಪ್ಪತ್ನಾಲ್ಕು ವರ್ಷದಲ್ಲಿ ಅವಳ ಕೈ ಏನನ್ನೂ ಮರೆತಿರಲಿಲ್ಲ. ಕೂಸು ಅವಳನ್ನು ನೋಡಿ ಬಾಯಿ ಅಗಲಿಸಿತು. ಕೋಣೆಯ ಎಲ್ಲರ ಕಣ್ಣೂ ಆ ಬೆರಳುಗಳ ಮೇಲೆ ನೆಟ್ಟಿದ್ದವು. ಅವಳು ಯಾರನ್ನೂ ನೋಡುತ್ತಿರಲಿಲ್ಲ.

ಪುಟ್ಟಗೌರಮ್ಮ ಹತ್ತಿರ ಬಂದಳು. ಕೈ ಮುಗಿದುಕೊಂಡಿದ್ದಳು.

"ಅಕ್ಕ, ಒಂದ್ ಮಾತ್ ಕೇಳ್ತೀನಿ" ಎಂದಳು. "ಕೋಳಿ ಮರಿಗೆ ನೀನೇ ಮಾಡ್ದೆ ಅಂತ ಒಪ್ಕೊಂಡೆ. ಅಂಗಾದ್ರೆ ನನ್ ಮಗನ್ನೂ ನೀನೇ ಅಲ್ವಾ? ಊಂ ಅಂದ್ಬುಡು. ನಾನ್ ಏನೂ ಮಾಡಾಕಿಲ್ಲ. ಈ ಕೂಸ ಬುಟ್ರೆ ಸಾಕು. ದಿನಾ ಬಂದು ಎತ್ಕೊ, ಬ್ಯಾಡ ಅನ್ನಾಕಿಲ್ಲ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಒಂದು ಸಲ ಸುಳ್ಳು ಒಪ್ಪಿಕೊಂಡವಳಿಗೆ ಇನ್ನೊಂದು ದೊಡ್ಡದೇನಲ್ಲ ಎಂದು ನಾನು ಅಂದುಕೊಂಡೆ. ಹೂಂ ಅನ್ನು, ಹೆದರಿಸಿ ಆಳು, ಈ ಊರಿಗೆ ಅದೇ ಸರಿ ಎಂದು ನನ್ನ ಮನಸ್ಸು ಕುದಿಯುತ್ತಿತ್ತು. ಚಲುವಮ್ಮ ಕೂಸಿನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಇಲ್ಲ ಕಣೆ" ಎಂದಳು. "ಅವನು ನನ್ ಮಡ್ಲಲ್ಲೇ ಬೆಳ್ದಿದ್ದ. ಅವನಿಗೆ ನಾನು ಏನೂ ಮಾಡ್ನಿಲ್ಲ. ಆ ಮರಿಗೂ ಮಾಡ್ನಿಲ್ಲ. ಸುಳ್ಳು ಯೋಳಿದ್ದೆ."

ಯಾರೂ ಕೇಳುವ ಮೊದಲೇ ಕೂಸನ್ನು ಪುಟ್ಟಗೌರಮ್ಮನ ಕೈಗೆ ಕೊಟ್ಟುಬಿಟ್ಟಳು. ಕಾಲುಬಳೆಯನ್ನು ತೊಟ್ಟಿಲೊಳಗೆ ಇಟ್ಟು, ಶೃತಿಯ ತಲೆ ಸವರಿ ಹೊರಗೆ ಹೋದಳು. ಆಗ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪಟ್ಟಿ ನನ್ನದು, ಮರಿ ಹಿಡಿದವಳು ನಾನು, ಕೆಟ್ಟದ್ದು ನಿನ್ನ ಟೈಲ್ಸ್ ಕಣೆ ಪುಟ್ಟಗೌರಿ ಎಂದೆ. ಫೋನು ಮಾಡಿದವಳು ನಾನೇ ಎಂದು ಶೃತಿಯೂ ಅಳುತ್ತ ಹೇಳಿದಳು. ಹತ್ತು ದಿನ ತಡವಾಗಿ ಹೇಳಿದ ಮಾತು ಅದು. ಚಲುವಮ್ಮ ನಮ್ಮಿಬ್ಬರಿಗೂ ಮದ್ದು ಹಾಕಿ ವಶ ಮಾಡಿಕೊಂಡಿದ್ದಾಳೆ ಎಂದು ಒಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು.

ಪುಟ್ಟಗೌರಮ್ಮ ಕೂಸನ್ನು ಎದೆಗೆ ಅವಚಿಕೊಂಡು ಒಂದು ಹಿಡಿ ಒಣಮೆಣಸಿನಕಾಯಿಯನ್ನೂ ಉಪ್ಪನ್ನೂ ತರಿಸಿದಳು. ಕೂಸಿಗೆ ಮೂರು ಸಲ ನೀವಾಳಿಸಿ, ತೊಟ್ಟಿಲ ಪಕ್ಕದಲ್ಲೇ ಇದ್ದ ಕೆಂಡದ ಬಾಣಲೆಗೆ ಸುರಿದಳು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಹೊಗೆ ಎದ್ದಿತು. ಮೊದಲು ಶೃತಿ ಕೆಮ್ಮಿದಳು, ಆಮೇಲೆ ಕೂಸು ಕೆಮ್ಮಿ ಕಿರುಚಿ ಅತ್ತಿತು, ಹಾಡುವವರು ಸೆರಗಿನಿಂದ ಮೂಗು ಮುಚ್ಚಿಕೊಂಡರು, ನನ್ನ ಗಂಟಲು ಉರಿದುಹೋಯಿತು.

ಪುಟ್ಟಗೌರಮ್ಮನ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿತ್ತು. ಕೆಮ್ಮಿನ ನಡುವೆ ಉಸಿರು ಎಳೆದುಕೊಂಡು, "ನೋಡ್ರವ್ವ, ಒಂಚೂರೂ ಗಾಟು ಬರ್ನಿಲ್ಲ" ಎಂದಳು.

ಹೌದು, ಬರಲೇ ಇಲ್ಲ ಎಂದು ಕೆಮ್ಮುತ್ತ ಕೆಮ್ಮುತ್ತ ಎಲ್ಲರೂ ಒಪ್ಪಿದರು.